ಗೌಂಡಿಯ ಮೊಮ್ಮಗಳು ಮಾತು ಕಲಿತದ್ದು

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಅಷ್ಟು ವರ್ಷವೂ ತರಗತಿಯಲ್ಲಿ ಮಾತಾಡಿದವಳು ನಾನು, ಸುಮ್ಮನೆ ಕೂತವರು ಮಕ್ಕಳು. ನಿವೃತ್ತಿಯಾದ ಮೇಲೆ ನನ್ನ ಮಾತು ಕೇಳುವುದಕ್ಕೆ ಮನೆಯಲ್ಲಿ ಒಬ್ಬರೇ ಉಳಿದರು, ನನ್ನ ಯಜಮಾನರು. ಮೂರೇ ತಿಂಗಳಲ್ಲಿ ಅವರ ಬೆಳಗಿನ ವಾಕಿಂಗು ಅರ್ಧ ಗಂಟೆಯಿಂದ ಎರಡು ಗಂಟೆಗೆ ಏರಿತು. ಮೆಹದಿಪಟ್ಟಣಂನ ನಮ್ಮ ಕಾಲನಿಯಲ್ಲಿ ಅಷ್ಟು ಹೊತ್ತು ನಡೆಯುವಷ್ಟು ರಸ್ತೆಯೇ ಇಲ್ಲ.

ಆಗ ಹಳೆಯ ಸಹೋದ್ಯೋಗಿಯೊಬ್ಬರು ಒಂದು ಸಂಸ್ಥೆಯ ವಿಷಯ ಹೇಳಿದರು. ಮೂರು ವರ್ಷದೊಳಗಿನ ಮಕ್ಕಳಿರುವ ಕೂಲಿಕಾರರ ಮನೆಗಳಿಗೆ ಹೋಗಿ, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ಮನೆಯವರಿಗೆ ತಿಳಿಸುವ ಕೆಲಸ. ಯಾದಗಿರಿ, ರಾಯಚೂರು ಕಡೆಯಿಂದ ನಮ್ಮ ಈ ತೆಲುಗು ಊರಿಗೆ ಬಂದವರೇ ಹೆಚ್ಚು, ಹಾಗಾಗಿ ಕನ್ನಡ ಬಲ್ಲ ಹೆಂಗಸರು ಬೇಕಂತೆ.

"ಮಾತಾಡೂ ಕೆಲಸ ಅಂತಾರ, ನಿನಗ ಹೇಳಿ ಮಾಡಿಸಿದಂಗ ಅದ. ಇವತ್ತ ಹೋಗು," ಎಂದರು ಯಜಮಾನರು. ಬಸ್ ಸ್ಟ್ಯಾಂಡಿನವರೆಗೂ ತಾವೇ ಬಂದು ಬಸ್ಸು ಹತ್ತಿಸಿದರು.

ಅಬಿಡ್ಸ್‌ನಲ್ಲಿ ಪುಸ್ತಕದ ಅಂಗಡಿಗಳ ಮೇಲಿನ ಒಂದು ಕೋಣೆಯಲ್ಲಿ ಮೂರು ದಿನ ತರಬೇತಿ. ಕಲಿಸುವ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು. ಅವಳು ಹೇಳಿದ್ದರಲ್ಲಿ ಮುಖ್ಯವಾದದ್ದು ಒಂದೇ: ಮಗುವಿಗೆ ಏನಾದರೂ ಹೇಳಿ, ಆಮೇಲೆ ಕಾಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮಗು ಕಣ್ಣಲ್ಲೋ ಕೈಯಲ್ಲೋ ಸಣ್ಣ ಸದ್ದಿನಲ್ಲೋ ಉತ್ತರ ಕೊಡುತ್ತದೆ. ಆ ಉತ್ತರಕ್ಕೆ ನೀವು ಮರು ಉತ್ತರ ಕೊಡಿ. ಮಾತು ಬೆಳೆಯುವುದು ಹೀಗೆ. ಅಭ್ಯಾಸಕ್ಕೆ ನಮಗೊಂದು ಬಟ್ಟೆಯ ಗೊಂಬೆ ಕೊಟ್ಟರು. ಗೊಂಬೆಯನ್ನು "ಹಸಿವಾಯ್ತೇನ?" ಎಂದು ಕೇಳಿ ನಾನು ಎರಡರವರೆಗೆ ಎಣಿಸಿದೆ. ಅಷ್ಟರಲ್ಲಿ ಗೊಂಬೆಗೆ ಹಸಿವಾಗಿದೆ ಎಂದೂ, ಅದು ಏನು ತಿನ್ನುತ್ತದೆ ಎಂದೂ ನಾನೇ ಹೇಳಿಬಿಟ್ಟಿದ್ದೆ. ಹುಡುಗಿ ನಕ್ಕು ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು.

ನನಗೆ ಸಿಕ್ಕ ಜಾಗ ಕೊಂಡಾಪುರ. ಏಳುತ್ತಿರುವ ದೊಡ್ಡ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡುಗಳ ಒಂದು ಸಾಲು. ಅದರ ನಾಲ್ಕನೆಯ ಬಾಗಿಲಲ್ಲಿ, ಕಲ್ಲಿನ ಮೇಲೆ ಒಬ್ಬ ಮುದುಕರು ಕೂತಿದ್ದರು. ವಯಸ್ಸು ಅರವತ್ತರ ಮೇಲಿರಬಹುದು. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಹೆಣ್ಣುಮಗು. ಜೀವಮಾನವಿಡೀ ಗೌಂಡಿ ಕೆಲಸ ಮಾಡಿದವರು. ಗೋಡೆ ಕಟ್ಟುವವರನ್ನು ನಮ್ಮ ಕಡೆ ಗೌಂಡಿ ಎನ್ನುತ್ತಾರೆ. ಮೇಲಿನಿಂದ ಬಿದ್ದು ಕಾಲು ಮುರಿದು, ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಮಗ, ಸೊಸೆ ಎದುರಿನ ಕಟ್ಟಡದಲ್ಲೇ ದುಡಿಯುತ್ತಿದ್ದರು. ಒಂದೂವರೆ ವರ್ಷದ ಮೊಮ್ಮಗಳು ದಿನವಿಡೀ ಇವರ ಕೈಯಲ್ಲಿ. ಸಂಸ್ಥೆಯವರು ಕೊಟ್ಟ ಹಾಳೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ತಾಯಿ, ಅಜ್ಜಿ, ಇತರರು ಎಂದು ಮೂರು ಉತ್ತರಗಳಿದ್ದವು. ಮುದುಕರನ್ನು ಇತರರಿಗೆ ಸೇರಿಸಿದೆ.

ಮೊದಲ ದಿನ ಚಿತ್ರದ ಹಾಳೆ ಬಿಡಿಸಿ ಅರ್ಧ ಗಂಟೆ ಮಾತಾಡಿದೆ. ಮಗುವಿನ ಮಿದುಳು, ಆಟ, ಅಪ್ಪುಗೆ, ಮಾತು, ಏನನ್ನೂ ಬಿಡಲಿಲ್ಲ. ಅವರು ರೆಪ್ಪೆ ಹೊಡೆಯದೆ ಕೇಳಿದರು.

"ಮುಗೀತೇನ್ರಿ, ಬಾಯಾರ?" ಎಂದರು ಕೊನೆಗೆ. ಪಾಠ ಹೇಳುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಎನ್ನುವುದುಂಟು. "ಚಲೋ ಹೇಳಿದ್ರಿ. ಆದ್ರ ಕೂಸಿನ ಕೂಡ ಏನ್ ಮಾತಾಡೂದ್ರಿ? ಅದಕ್ಕೇನ್ ತಿಳಿತೈತಿ?"

"ನೀವು ಏನು ಮಾಡ್ಲಿಕತ್ತೀರೋ ಅದನ್ನ ಹೇಳ್ರಿ, ಅಣ್ಣಾರ."

"ನಾ ಏನೂ ಮಾಡಾಕತ್ತಿಲ್ರಿ. ಕುಂತೀನಿ."

"ಹಂಗಾದ್ರ ಕುಂತೀನಿ ಅನ್ರಿ."

ಅವರು ಮಗುವಿನ ಕಡೆ ತಿರುಗಿ, "ಕುಂತೀನಿ," ಎಂದರು. ಮತ್ತೆ ನನ್ನ ಕಡೆ ತಿರುಗಿ, "ಹೇಳ್ದೆ. ಮುಂದ?" ಎಂದರು.

ಮುಂದೆ ಏನು ಎಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಊಟದ ಬಿಡುವಿಗೆ ಸೊಸೆ ಬಂದಳು. ತಲೆಗೆ ಸುತ್ತಿದ ಬಟ್ಟೆಯ ಮೇಲೆ ಸಿಮೆಂಟಿನ ಧೂಳು. ಕೈ ತೊಳೆದು ಮಗುವನ್ನು ಎತ್ತಿಕೊಂಡವಳು ನನ್ನನ್ನು ಶೆಡ್ಡಿನ ಪಕ್ಕಕ್ಕೆ ಕರೆದಳು.

"ಇನ್ನಾ ಅವ್ವಾ ಅಂದಿಲ್ರಿ ಬಾಯಾರ. ಬಾಜೂ ಮನಿ ಕೂಸು ಇದಕ್ಕಿಂತ ಸಣ್ಣದು, ಅದು ಮಾತಾಡತೈತಿ. ಇದು ಮೂಕಿ ಏನ್ರಿ?" ಎಂದಳು. ಕೇಳುವುದಕ್ಕೆ ಬಹಳ ದಿನದಿಂದ ಯಾರಾದರೂ ಸಿಗಲೆಂದು ಕಾದಿದ್ದಳು ಎಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಇಂಥ ಕಡೆ ಊಹೆ ಮಾಡಬೇಡಿ, ಮೊದಲು ಕಿವಿ ತೋರಿಸಿ ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗೇ ಹೇಳಿದೆ. ಮುದುಕರಿಗೆ ಸಿಟ್ಟು ಬಂತು. ತಮ್ಮ ವಂಶದಲ್ಲಿ ಯಾರಿಗೂ ಕಿವಿಯ ತೊಂದರೆ ಇಲ್ಲ, ತಮ್ಮ ಮೊಮ್ಮಗಳಿಗೆ ಎಲ್ಲ ಕೇಳುತ್ತದೆ ಎಂದು ವಾದಿಸಿದರು. ಆದರೂ ಸೊಸೆಯ ಕಣ್ಣು ನೋಡಿ ಒಪ್ಪಿಕೊಂಡರು. ಮರುವಾರ ಶುಭ್ರವಾದ ಧೋತರ ಉಟ್ಟು ಮಗುವನ್ನು ಎತ್ತಿಕೊಂಡು ಹೊರಟರು. ಮೂವರೂ ಆಟೋದಲ್ಲಿ ಸರಕಾರಿ ಆಸ್ಪತ್ರೆಗೆ ಹೋದೆವು.

ಕಿವಿ ಪರೀಕ್ಷೆ ಮಾಡುವ ಹೆಂಗಸು ತೆಲುಗಿನವಳು, ಚುರುಕು. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ ಹಿಂದಿನಿಂದ ಗಿಲಕಿ ಆಡಿಸಿದಳು. ಮಗು ತಿರುಗಿ ನೋಡಿತು. ಇನ್ನೊಂದು ಕಡೆಯಿಂದ ಇನ್ನೂ ಮೆಲ್ಲಗೆ ಆಡಿಸಿದಳು. ಅದಕ್ಕೂ ತಿರುಗಿತು. ಆಮೇಲೆ ಯಂತ್ರದಿಂದಲೂ ನೋಡಿದಳು. "ಚೆವುಲು ಬಾಗಾನೇ ಉನ್ನಾಯಿ," ಎಂದಳು. ಕಿವಿಗಳು ಚೆನ್ನಾಗಿಯೇ ಇವೆ ಎಂದು ನಾನು ಮುದುಕರಿಗೆ ಹೇಳಿದೆ. "ನಾ ಹೇಳಿರಲಿಲ್ಲೇನು?" ಎಂಬಂತೆ ನನ್ನನ್ನು ನೋಡಿ ಮಗುವನ್ನು ಮತ್ತೆ ಎಡಗೈಗೆ ಎತ್ತಿಕೊಂಡರು.

ಆ ಹೆಂಗಸು ಅವರ ಎಡಗಡೆ ನಿಂತು, "ಮನವರಾಲಾ?" ಎಂದು ಕೇಳಿದಳು, ಮೊಮ್ಮಗಳಾ ಎಂದು. ಅವರು ಉತ್ತರ ಕೊಡದೆ ಗೋಡೆಯ ಸಿಮೆಂಟಿನ ಗಿಲಾವು ನೋಡುತ್ತ ನಿಂತರು. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡೆ. ಅವಳು ಎರಡನೆಯ ಸಲ ಕೇಳಿದಳು. ಆಮೇಲೆ ಏನೋ ಹೊಳೆದಂತೆ ಸುತ್ತಿ ಬಲಗಡೆಗೆ ಬಂದು, ಅಷ್ಟೇ ಮೆಲ್ಲಗೆ ಕೇಳಿದಳು.

"ಹೌದ್ರಿ, ಮೊಮ್ಮಗಳು," ಎಂದರು ತಕ್ಷಣ.

ಈಗ ಅವರನ್ನೇ ಪರೀಕ್ಷೆಗೆ ಗಾಜಿನ ಕೋಣೆಯಲ್ಲಿ ಕೂರಿಸಿದಳು. ಎಡಕಿವಿಯಲ್ಲಿ ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. ಕಾಂಕ್ರೀಟು ಒಡೆಯುವ ಯಂತ್ರದ ಮಗ್ಗುಲಲ್ಲಿ ವರ್ಷಗಟ್ಟಲೆ ನಿಂತ ಫಲ. ಅದು ಎಷ್ಟು ಮೆಲ್ಲಗೆ ಹೋಗಿತ್ತೆಂದರೆ ಹೋದದ್ದು ಅವರಿಗೇ ಗೊತ್ತಾಗಿರಲಿಲ್ಲ.

ಹೊರಗೆ ಬಂದು ಬೆಂಚಿನ ಹತ್ತಿರ ನಿಂತಾಗ ನಾನು ಮಗುವನ್ನು ನೋಡಿದೆ. ಅದು ಅಜ್ಜನ ಎಡಭುಜಕ್ಕೆ ಒರಗಿ, ಅವರ ಕಿವಿಯ ಹತ್ತಿರ ಬಾಯಿ ತಂದು, "ತ್ಯಾ," ಎಂದಿತು. ಕಾಯಿತು. ಮತ್ತೆ, "ತ್ಯಾ." ಅವರು ಔಷಧದ ಸಾಲನ್ನು ನೋಡುತ್ತಿದ್ದರು. ಮೂರನೆಯ ಸಲ ಹೇಳಿ ಮಗು ಭುಜದ ಮೇಲೆ ತಲೆಯಿಟ್ಟು ಸುಮ್ಮನಾಯಿತು.

ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ.

ಅವರ ಬಲಗಡೆಗೆ ಹೋಗಿ, "ಅಣ್ಣಾರ, ಕೂಸು ನಿಮ್ಮನ್ನ ಕರೀಲಿಕತ್ತದ," ಎಂದೆ.

"ಯಾವಾಗ?"

"ಈಗ. ಭಾಳ ದಿನದಿಂದ ಕರದಿರಬೇಕು. ನೀವು ಆ ಕಡೆ ಎತ್ತಿಕೊಂಡಿರ್ತೀರಿ."

ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, ಮಗುವನ್ನು ಬಲಗಡೆಗೆ ಎತ್ತಿಕೊಂಡರು. ಮಗು ಈ ಹೊಸ ಕಿವಿಯನ್ನು ಸಂಶಯದಿಂದ ನೋಡಿತು, ಒಳಗೆ ಬೆರಳು ಹಾಕಿ ಪರೀಕ್ಷಿಸಿತು. ನಂತರ, "ತ್ಯಾ," ಎಂದಿತು.

"ಹಾಂ," ಎಂದರು.

"ತ್ಯಾ."

"ಹಾಂ ಅವ್ವಾ. ಹೇಳು."

ಆಟೋ ಕೊಂಡಾಪುರ ಮುಟ್ಟುವವರೆಗೂ ಇಬ್ಬರದೂ ಇದೇ ಮಾತು. ನಾನು ದಾರಿಯುದ್ದಕ್ಕೂ ಬಾಯಿ ತೆರೆಯಲಿಲ್ಲ. ಮನೆಗೆ ಬಂದು ಹೇಳಿದರೆ ಯಜಮಾನರು ಉಳಿದದ್ದನ್ನೆಲ್ಲ ನಂಬಿದರು, ಇದೊಂದನ್ನು ನಂಬಲಿಲ್ಲ.

ಸೊಸೆ ಹಳೆಯ ಸೀರೆಯನ್ನು ಜೋಳಿಗೆಯಂತೆ ಮಾಡಿ ಮಾವನ ಎಡಭುಜದಿಂದ ಬಲಸೊಂಟಕ್ಕೆ ಕಟ್ಟಿಕೊಟ್ಟಳು. ಮಗು ಬಲಗಡೆ ಕೂತಿತು, ಕೋಲು ಎಡಗೈಗೆ ಹೋಯಿತು. ಏನು ಮಾತಾಡಬೇಕು ಎಂಬ ಪ್ರಶ್ನೆ ಮತ್ತೆ ಏಳಲಿಲ್ಲ. ಶೆಡ್ಡಿನ ಬಾಗಿಲಿಂದ ಕಟ್ಟಡ ಕಾಣುತ್ತಿತ್ತು. ಅವರು ಅದನ್ನೇ ಓದಿ ಹೇಳತೊಡಗಿದರು.

"ನೋಡವಾ, ಆ ಗ್ವಾಡಿ ಸೊಟ್ಟ ಐತಿ. ಯಾರ ಕೆಲಸ ಅದು? ನಿಮ್ಮಪ್ಪಂದು."

ನಾನು ಚಿತ್ರದ ಹಾಳೆ ತೆಗೆದು ಆನೆ, ನವಿಲು ತೋರಿಸಬಹುದಲ್ಲ ಎಂದೆ. "ಆನಿ ಎಲ್ಲೈತ್ರಿ ಇಲ್ಲಿ? ಉಸುಕು ಐತಿ," ಎಂದರು. ಹೌದು, ಉಸುಕು ಗುಡ್ಡದಷ್ಟಿತ್ತು. ಹಾಳೆ ಚೀಲಕ್ಕೆ ಹೋಯಿತು. ತಗಡಿನ ಡಬ್ಬಿಯಲ್ಲಿ ಉಸುಕು ತುಂಬುವುದು, ಸುರಿಯುವುದು. ನೀರು ಹಾಕಿ ಕಲಸುವುದು. ಮರದ ತುಂಡುಗಳನ್ನು ಒಂದರ ಮೇಲೊಂದು ಇಡುವುದು. ಇಟ್ಟದ್ದು ಬಿದ್ದರೆ ಅಜ್ಜ, "ಬಿತ್ತು. ಮತ್ತ ಕಟ್ಟೂಣು," ಎನ್ನುತ್ತಿದ್ದರು. ನನ್ನ ಚೀಲದ ಬಣ್ಣದ ಬಟ್ಟಲುಗಳನ್ನು ಮಗು ದಾಕ್ಷಿಣ್ಯಕ್ಕೆ ಒಂದು ಸಲ ಮುಟ್ಟಿತು.

ಐದು ಎಣಿಸುವ ವಿಷಯವನ್ನು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಅದಕ್ಕೆ ಆಮೇಲೆ ಪಶ್ಚಾತ್ತಾಪ ಪಟ್ಟೆ. ಒಂದು ದಿನ ಮಗುವಿಗೆ ಬಟ್ಟಲು ತೋರಿಸಿ, "ಇದು ಯಾವ ಬಣ್ಣ? ಕೆಂಪು, ಅಲ್ಲೇನ?" ಎಂದೆ.

"ಬಾಯಾರ, ಎಣಿಸಲಿಲ್ರಿ."

"ಎಣಿಸಿದೆ."

"ಎರಡಕ್ಕ ಬಿಟ್ರಿ."

ಛಲ ಹುಟ್ಟಿತು. ಮರುದಿನ ಬೆಳಿಗ್ಗೆ ಮನೆಯಲ್ಲಿ ಅಭ್ಯಾಸಕ್ಕೆ ಕೂತೆ. ಯಜಮಾನರನ್ನು, "ನಾಷ್ಟಕ್ಕ ಏನ್ ಮಾಡ್ಲಿ?" ಎಂದು ಕೇಳಿ, ನಿಜವಾಗಿಯೂ ಕಾದೆ. ಮೂರಕ್ಕೆ ಅವರು ಪೇಪರ್ ಕೆಳಗಿಳಿಸಿದರು. ನಾಲ್ಕಕ್ಕೆ, "ಆರಾಮ ಇದ್ದೀ ಏನು?" ಎಂದರು. ನಾನು ಇನ್ನೂ ಸುಮ್ಮನಿದ್ದೆ. ಆಗ ಮೆಲ್ಲಗೆ ಹೇಳಿದರು, "ನನಗ ಉಪ್ಪಿಟ್ಟು ಸೇರೂದಿಲ್ಲ."

ಮದುವೆಯಾದಾಗಿನಿಂದ ವಾರಕ್ಕೆ ಮೂರು ದಿನ ಉಪ್ಪಿಟ್ಟು ಮಾಡಿದ್ದೇನೆ. "ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದೆ.

"ಸಂದಿ ಸಿಗಲಿಲ್ಲ," ಎಂದರು.

ಎರಡು ತಿಂಗಳ ಹೊತ್ತಿಗೆ ಮಗು ತ್ಯಾ ಅಲ್ಲದೆ ಇನ್ನೊಂದು ಮಾತು ಕಲಿಯಿತು. ಮಧ್ಯಾಹ್ನ ಸೊಸೆ ಬುಟ್ಟಿ ಹಿಡಿದು ಬಾಗಿಲಿಗೆ ಬಂದಾಗ ಮಗು ಅವಳನ್ನು ನೋಡಿ, ಎದ್ದು ನಿಂತು, ಸ್ಪಷ್ಟವಾಗಿ, "ಮಾಲ್," ಎಂದಿತು. ಕಲಸಿದ ಸಿಮೆಂಟು, ಉಸುಕಿಗೆ ಕಟ್ಟಡದಲ್ಲಿ ಎಲ್ಲರೂ ಮಾಲು ಎನ್ನುತ್ತಾರೆ.

ಸೊಸೆ ಬುಟ್ಟಿ ಕೆಳಗಿಟ್ಟಳು. "ಒಂಬತ್ತ್ ತಿಂಗಳ ಹೊತ್ತಾಕಿ ನಾನು," ಎಂದಳು. "ನನ್ನ ಮಾರಿ ನೋಡಿ ಮಾಲ್ ಅಂತೈತಿ." ಮುದುಕರು ದೂರದ ಕಂಬದ ಕಡೆ ಮುಖ ಮಾಡಿದರು. ಅವರ ಮೀಸೆ ಮಾತ್ರ ಅಲುಗುತ್ತಿತ್ತು. ಅವ್ವಾ ಎಂಬುದು ಬಂದದ್ದು ಇನ್ನೂ ಹದಿನೈದು ದಿನದ ಮೇಲೆ, ಯಾರೂ ಕಾಯದಿದ್ದಾಗ. ಸೊಸೆ ಬಟ್ಟೆ ಹಿಂಡುತ್ತಿದ್ದಳಂತೆ. ಹಿಂಡುವುದನ್ನು ನಿಲ್ಲಿಸದೆ ಇನ್ನೊಂದು ಸಲ ಹೇಳಲಿ ಎಂದು ಕಾದಳಂತೆ. ಹೇಳಿತಂತೆ. ಅದನ್ನು ನನಗೆ ಹೇಳುವಾಗಲೂ ಅವಳ ಕೈಗಳು ಗಾಳಿಯಲ್ಲಿ ಬಟ್ಟೆ ಹಿಂಡುತ್ತಿದ್ದವು.

ಒಂದು ಭಾನುವಾರ ಹೋದಾಗ ಮಗನೂ ಮನೆಯಲ್ಲಿದ್ದ. ಗೋಡೆಗೆ ಒರಗಿ ಮೊಬೈಲು ನೋಡುತ್ತಿದ್ದ. ಮುದುಕರು ಈಗ ಅನುಭವಸ್ಥರು, ಗತ್ತಿನಿಂದ ಹೇಳಿದರು, "ಅದನ್ನ ಕೆಳಗಿಡು. ಕೂಸಿನ ಕೂಡ ಮಾತಾಡು. ಅದಕ್ಕೆಲ್ಲ ತಿಳಿತೈತಿ."

ಮಗ ತಲೆಯೆತ್ತಿದ. "ನೀ ನನ್ನ ಕೂಡ ಯಾವಾಗ ಮಾತಾಡಿದ್ದಿ?"

ಸಿಟ್ಟಿನಿಂದ ಕೇಳಿದ್ದಲ್ಲ, ಕೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು. ನಾನು ಏನಾದರೂ ಹೇಳಿ ಆ ಗಳಿಗೆಯನ್ನು ತುಂಬಿಬಿಡಬೇಕು ಎನ್ನಿಸಿ, ನಾಲಿಗೆ ಕಚ್ಚಿಕೊಂಡೆ. ಮುದುಕರು ಉಸುಕಿನ ಡಬ್ಬಿಯನ್ನು ಒಮ್ಮೆ ಸುರಿದರು, ಮತ್ತೆ ತುಂಬಿದರು.

"ಆವಾಗ ಈ ಬಾಯಾರು ಬಂದಿರಲಿಲ್ಲಪಾ," ಎಂದರು. ಆಮೇಲೆ, "ನಿಮ್ಮವ್ವ ಹೇಳ್ತಿದ್ಲು. ನಾ ಕೇಳಲಿಲ್ಲ," ಎಂದರು.

ಮಗ ಮೊಬೈಲು ಇಟ್ಟು ಹತ್ತಿರ ಬಂದು ಕೂತ. ಮಗು ಅವನ ಕೈಗೆ ಒಂದು ಮರದ ತುಂಡು ಕೊಟ್ಟಿತು. ಅವನು ಅದನ್ನು ಇನ್ನೊಂದರ ಮೇಲೆ ಇಟ್ಟ. ಮುದುಕರು ಬಾಯಿ ತೆರೆದರು, ಸೊಟ್ಟ ಎನ್ನುವುದಕ್ಕೇ ಇರಬೇಕು, ಆದರೆ ಬಾಯಿ ಮುಚ್ಚಿ ಇನ್ನೊಂದು ತುಂಡನ್ನು ಮಗನ ಕಡೆ ಸರಿಸಿದರು.

ಕಟ್ಟಡ ಮುಗಿದ ಮೇಲೆ ಆ ಸಾಲಿನವರೆಲ್ಲ ಊರಿನ ಇನ್ನೊಂದು ತುದಿಯ ಹೊಸ ಕೆಲಸಕ್ಕೆ ಹೋದರು. ಅಲ್ಲಿನ ಅಂಗನವಾಡಿಯ ವಿಚಾರ ತಿಳಿದು, ಮಗುವಿಗೆ ವಯಸ್ಸು ತುಂಬಿದಾಗ ಸೇರಿಸಿರಿ ಎಂದು ಸೊಸೆಗೆ ಹೇಳಿ ಕಳಿಸಿದ್ದೆ. ವರ್ಷ ದಾಟಿದ ಮೇಲೆ, ಮೊನ್ನೆ, ಮುದುಕರ ಫೋನು ಬಂತು. ದನಿ ಗಂಭೀರವಾಗಿತ್ತು.

"ಬಾಯಾರ, ಅಂಗನವಾಡಿ ಟೀಚರು ತಕರಾರು ಹೇಳಾಕತ್ತಾರ. ಭಾಳ ಮಾತಾಡ್ತಾಳಂತ. ಯಾರಿಗೂ ಬಾಯಿ ತೆರಿಯಾಕ ಬಿಡಂಗಿಲ್ಲಂತ. ಏನ್ ಮಾಡೂದ್ರಿ?"

ತಕರಾರನ್ನು ಎರಡು ಸಲ ಹೇಳಿದರು. ಎರಡನೆಯ ಸಲ ಇನ್ನೂ ವಿಸ್ತಾರವಾಗಿ.

ಅಷ್ಟರಲ್ಲಿ ಯಾರೋ ಫೋನು ಕಸಿದುಕೊಂಡ ಸದ್ದಾಯಿತು. "ಗುಡ್ಡು ಕುತ್ತಾ ತಿಂತು," ಎಂದಿತು ಒಂದು ಸಣ್ಣ ದನಿ. ತೆಲುಗು, ಹಿಂದಿ, ಕನ್ನಡ, ಮೂರೂ ಒಂದೇ ವಾಕ್ಯದಲ್ಲಿ. ಅಂಗನವಾಡಿಯಲ್ಲಿ ಕೊಟ್ಟ ಮೊಟ್ಟೆಯನ್ನು ನಾಯಿ ತಿಂದುಬಿಟ್ಟಿತ್ತು.

"ಅಯ್ಯ, ಮತ್ತ ನೀ ಏನ್ ಮಾಡಿದಿ?" ಎಂದೆ.

"ಇನ್ನೊಂದ್ ಕೇಳ್ದೆ."

"ಕೊಟ್ರೇನು?"

"ಕೊಟ್ರು," ಎಂದು ಹೇಳಿ, ಆ ನಾಯಿಯ ಬಣ್ಣ, ಬಾಲ, ಅದು ಓಡಿದ ದಾರಿ ಎಲ್ಲವನ್ನೂ ನನಗೆ ಹೇಳತೊಡಗಿದಳು.