ಪಾಚಿಗೆ ಅನ್ನ ಹಾಕಿದವರು

ಅಫಜಲಪುರದ ಡಾಕ್ಟರೊಬ್ಬರ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಿದೆ. ಒಳಗೆ ಹವಳ, ಮೀನು. ತಿಂಗಳಿಗೊಮ್ಮೆ ಹೋಗಿ ಅದನ್ನು ತೊಳೆಯುವುದು ನನ್ನ ಕೆಲಸ. ಈ ಸಲ ನೋಡಿದರೆ ಹವಳದ ಮೇಲೆಲ್ಲ ಪಾಚಿ! ಪೈಪು ಇಳಿಸಿ ತಳದ ಕಸ ಎಳೆದೆ. ಮೀನು ತಿನ್ನದೆ ಬಿಟ್ಟ ಮೇವಿನ ಕಾಳು ಕೊಳೆತು ಪೈಪಿನಲ್ಲಿ ಬಂತು. ಅದನ್ನೇ ಉಂಡು ಪಾಚಿ ಕೊಬ್ಬಿತ್ತು.

“ದಿನಕ್ಕ ಎಷ್ಟ್ ಸಲ ಹಾಕ್ತೀರಿ?” ಎಂದು ಡಾಕ್ಟರ ತಾಯಿಯನ್ನು ಕೇಳಿದೆ.

“ನಾವು ಉಂಡಾಗೊಮ್ಮೆ ಹಾಕ್ತೇನ್ರಿ. ಮನಿಗಿ ಯಾರರ ಬಂದ್ರ ಮತ್ತೊಮ್ಮೆ. ಬಾಯಿ ತಕ್ಕೊಂಡು ನೋಡ್ತಾವ, ಹೆಂಗ ಬಿಡ್ಲಿ?”

“ಹಿಂಗ ಹಾಕಿದ್ರ ಹವಳ ಸಾಯ್ತಾವ್ರಿ ಅಮ್ಮಾರ. ದಿನಕ್ಕ ಒಮ್ಮೆ ಸಾಕು,” ಎಂದು ಖಡಕ್ಕಾಗಿ ಹೇಳಿದೆ.

ತಲೆಯಾಡಿಸಿದ ಅಮ್ಮ ನನ್ನನ್ನು ಊಟಕ್ಕೆ ಕೂಡಿಸಿದರು. ಸಾಕು ಸಾಕು ಅಂದರೂ ತಾಟಿಗೆ ನಾಲ್ಕನೆಯ ರೊಟ್ಟಿ ಬಿತ್ತು. ಗಾಜಿನಾಚೆಯಿಂದ ಮೀನುಗಳು ನನ್ನನ್ನೇ ನೋಡುತ್ತಿದ್ದವು. ಬೇಡವೆನ್ನಲು ಅವಕ್ಕೆ ಮಾತು ಬಾರದು. ನನಗೆ ಬಂದೂ ಆಗಿದ್ದೇನು?