ಅಮ್ಮಣ್ಣಿಯ ಎಡ ಹಿಂಗಾಲು

ತಾನು ಸಾಕಿದ ಕುದುರೆಯನ್ನು ಯಾರಾದರೂ ಚೆನ್ನಾಗಿದೆ ಎಂದರೆ ಅಶ್ವತ್ಥನಿಗೆ ಆಗುತ್ತಿರಲಿಲ್ಲ. ಚೆನ್ನಾಗಿಲ್ಲ ಎಂದರಂತೂ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿದ್ದ. ಈ ಎರಡರ ನಡುವೆ ಮಾತಾಡುವುದಕ್ಕೆ ಬೇರೆಯವರಿಗೆ ಉಳಿಯುತ್ತಿದ್ದ ಜಾಗ ಎಷ್ಟು ಅಂತ ನೀವೇ ಅಂದಾಜು ಮಾಡಿ.

ತಪ್ಪು ಅವನದೊಬ್ಬನದೇ ಅಲ್ಲ. ಅವನಪ್ಪ ಕುಣಿಗಲ್ ಕುದುರೆ ಫಾರಂನಲ್ಲಿ ಲಾಯದ ಕೆಲಸಕ್ಕಿದ್ದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಗನೂ ಅಲ್ಲೇ ಸೇರಿಕೊಂಡ. ಅಪ್ಪ ಕಲಿಸಿದ ಮೊದಲ ಪಾಠ ಮೇವು ಹಾಕುವುದಲ್ಲ, ಮೈ ತಿಕ್ಕುವುದಲ್ಲ. ಕುದುರೆಯನ್ನು ಹೊಗಳಿದವರ ಮುಂದೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು. ಸಾಹೇಬರು ಬಂದು ಮರಿಯ ಬೆನ್ನು ತಟ್ಟಿ ಭಲೇ ಎಂದರೆ, ಅಪ್ಪ ಮುಖ ಸೊಟ್ಟಗೆ ಮಾಡಿ, “ಏನ್ ಚೆಂದ ಬುಡಿ ಸಾಮಿ, ಮೇವೇ ಮುಟ್ಟಕಿಲ್ಲ” ಎನ್ನುತ್ತಿದ್ದ. ಸಾಹೇಬರು ನಕ್ಕು ಮುಂದೆ ಹೋಗುತ್ತಿದ್ದರು. ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ, ನಂಬಲಿ ಎಂದು ಅವನು ಆಡುತ್ತಲೂ ಇರಲಿಲ್ಲ. ದೃಷ್ಟಿಗೆ ಕೇಳಿಸಿದರೆ ಸಾಕಿತ್ತು. ಹೊಗಳಿಕೆಗೆ ಹೌದು ಅಂದವರ ಕುದುರೆ ಮಾರನೇ ದಿನ ಹೊಟ್ಟೆನೋವು ಬಂದು ಹೊರಳಾಡಿದ್ದನ್ನು ಅಶ್ವತ್ಥ ಕಣ್ಣಾರೆ ಕಂಡಿದ್ದ, ಅಥವಾ ಕಂಡೆ ಎಂದು ಹೇಳುತ್ತಿದ್ದ.

ಇಂಥವನು ಅಮೆರಿಕಕ್ಕೆ ಬಂದದ್ದು ಹೆಂಡತಿಯ ಕಡೆಯಿಂದ. ಬೆಟ್ಟಮ್ಮನ ತಮ್ಮ ಕೇಶವ ಅಲ್ಲಿನ ಬಾಥೆಲ್ ಎಂಬ ಊರಿನಲ್ಲಿ ಸಾಫ್ಟ್‌ವೇರಿನವನು. ಅಕ್ಕನ ಹೆಸರಿನಲ್ಲಿ ಅರ್ಜಿ ಹಾಕಿ ಹನ್ನೆರಡು ವರ್ಷ ಕಾದ. 2011ರಲ್ಲಿ ಗಂಡ ಹೆಂಡತಿ ಬಂದಿಳಿದರು. ಅಶ್ವತ್ಥನಿಗೆ ಅಲ್ಲೇ ಹತ್ತಿರದ ಕೆಂಟ್‌ನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ, ಬೆಟ್ಟಮ್ಮನಿಗೆ ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ. ಫೋರ್ಕ್‌ಲಿಫ್ಟಿಗೆ ಹೊಟ್ಟೆನೋವು ಬರುವುದಿಲ್ಲ, ಯಾರೂ ಅದನ್ನು ಹೊಗಳುವುದೂ ಇಲ್ಲ. ಎರಡು ವರ್ಷ ಅವನು ಯಾರ ಜೊತೆಯೂ ಜಗಳವಾಡದೆ ಕಳೆದ. ಅವನಿಗೆ ಏನೋ ಕಾಯಿಲೆ ಇರಬೇಕೆಂದು ಬೆಟ್ಟಮ್ಮ ತಮ್ಮನಿಗೆ ಫೋನು ಮಾಡಿದಳು.

2013ರ ಒಂದು ಭಾನುವಾರ ಇಬ್ಬರೂ ಈನಮ್‌ಕ್ಲಾ ಎಂಬ ಊರಿನ ಕಡೆ ಕಾರಿನಲ್ಲಿ ಹೋಗುವಾಗ ಬೇಲಿಯ ಆಚೆ ಒಂದು ಬೂದು ಬಣ್ಣದ ಹೆಣ್ಣು ಕುದುರೆ ಕಂಡಿತು. ಸೊಂಡಿಲು ಕಿತ್ತ ಆನೆಯ ಹಾಗಿತ್ತು. ಅಶ್ವತ್ಥ ರಸ್ತೆ ಬದಿಗೆ ಕಾರು ನಿಲ್ಲಿಸಿ ಬೇಲಿ ಹತ್ತಿದ. ಅವನನ್ನು ಓಡಿಸಲು ಮನೆಯಿಂದ ಮುದುಕಿಯೊಬ್ಬಳು ಕೋಲು ಹಿಡಿದು ಬಂದಳು. ಅವಳು ಬರುವ ಹೊತ್ತಿಗೆ ಇವನು ಕುದುರೆಯ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಲಾಳದ ಮೊಳೆ ಸಡಿಲವಾಗಿದೆ, ಹೊಡೆದವನು ಯಾರು, ಅವನಿಗೆ ಬುದ್ಧಿ ಇದೆಯೇ ಎಂದು ಮುರುಕು ಇಂಗ್ಲಿಷಿನಲ್ಲಿ ಅವಳಿಗೇ ಬೈಯುತ್ತಿದ್ದ.

ಮುದುಕಿಯ ಹೆಸರು ಲೊರೇನ್. ವಯಸ್ಸು ಎಪ್ಪತ್ತೊಂದು, ಎರಡೂ ಮಂಡಿ ಹೋಗಿದ್ದವು. ಗಂಡ ವಾಲ್ಟ್ ಮೂವತ್ತು ವರ್ಷ ಈ ಪರ್ಶೆರಾನ್ ಜಾತಿಯ, ಭಾರ ಎಳೆಯುವ ಕುದುರೆಗಳನ್ನು ಸಾಕಿ ಪ್ರದರ್ಶನಕ್ಕೆ ಒಯ್ಯುತ್ತಿದ್ದವನು, ತೀರಿಹೋಗಿದ್ದ. ಐದು ಕುದುರೆ ಮಾರಿ ಇದೊಂದು ಉಳಿದಿತ್ತು. ಶುದ್ಧ ತಳಿ ಅನ್ನುವುದಕ್ಕೆ ಕಾಗದವಿತ್ತು. ಅದರಲ್ಲಿ ಮುತ್ತಾತ, ಮುತ್ತಜ್ಜಿ, ಅವರ ಅಪ್ಪ ಅಮ್ಮಂದಿರ ಹೆಸರೆಲ್ಲ ಇದ್ದವು. ಅಶ್ವತ್ಥನಿಗೆ ತನ್ನ ಮುತ್ತಾತನ ಹೆಸರು ಗೊತ್ತಿರಲಿಲ್ಲ. ಕಾಗದದಲ್ಲಿದ್ದ ಮೂರು ಮಾತಿನ ಉದ್ದನೆಯ ಹೆಸರು ಅವನ ಬಾಯಲ್ಲಿ ಹೊರಳಲಿಲ್ಲ. ಅವನು ಅಮ್ಮಣ್ಣಿ ಎಂದು ಕರೆದ. ಅಷ್ಟು ದೊಡ್ಡ ಪ್ರಾಣಿ ತಿರುಗಿ ನೋಡಿತು.

ಅಂದಿನಿಂದ ಪ್ರತಿ ಶನಿವಾರ ಭಾನುವಾರ ಅವನು ಅಲ್ಲೇ. ಅವನ ಕಾಯಿಲೆ ಒಂದೇ ವಾರದಲ್ಲಿ ವಾಸಿಯಾಗಿ, ಗೋದಾಮಿನಲ್ಲಿ ಇಬ್ಬರ ಜೊತೆ ಮಾತು ನಿಂತಿತು.

ಮಾರನೇ ವರ್ಷದ ಏಪ್ರಿಲ್‌ನಲ್ಲಿ ಲೊರೇನ್ ಅವನನ್ನು ಅಡುಗೆಮನೆಯಲ್ಲಿ ಕೂರಿಸಿ ನೇರವಾಗಿ ಹೇಳಿದಳು. ಯಾಕಿಮಾ ಕಡೆಯ ಡೇಲ್ ಎಂಬ ರೈತ ಅಮ್ಮಣ್ಣಿಯನ್ನು ಕೇಳುತ್ತಿದ್ದಾನೆ. ಆಗಸ್ಟಿನ ಪ್ರದರ್ಶನದಲ್ಲಿ, ಇದೇ ತಳಿಯ ಹೆಣ್ಣು ಕುದುರೆಗಳ ವಿಭಾಗದಲ್ಲಿ, ಮೊದಲ ಮೂರರೊಳಗೆ ಬಂದರೆ ಮರಿ ಹಾಕಿಸಲು ತಾನೇ ಇಟ್ಟುಕೊಳ್ಳುತ್ತಾಳೆ, ನೋಡಿಕೊಳ್ಳಲು ಅಶ್ವತ್ಥ ಇದ್ದಾನೆ. ಬರದಿದ್ದರೆ ಅಲ್ಲಿಂದಲೇ ಡೇಲ್‌ನ ಗಾಡಿ ಹತ್ತಿಸುತ್ತಾಳೆ. ಯಾಕಿಮಾ ಎಂದರೆ ಬೆಟ್ಟ ದಾಟಿ ಎರಡೂವರೆ ಗಂಟೆಯ ದಾರಿ. ಡೇಲ್‌ಗೆ ಸ್ವಂತ ಆಳುಗಳಿದ್ದರು.

ಅಶ್ವತ್ಥ ಕಲಿಯಲು ನಿಂತ. ಐವತ್ತೆರಡನೇ ವಯಸ್ಸಿನಲ್ಲಿ, ಕುದುರೆಯ ವಿಷಯದಲ್ಲಿ, ಅದೂ ಒಬ್ಬ ಹೆಂಗಸಿನಿಂದ ಕಲಿಯುವುದೆಂದರೆ ಅವನ ಕಷ್ಟ ಊಹಿಸಿ. ಅವನು ಕಂಡಿದ್ದೆಲ್ಲ ರೇಸಿನ ಕುದುರೆ. ಅಲ್ಲಿ ಹೊಟ್ಟೆ ಬೆನ್ನಿಗೆ ಅಂಟಿರಬೇಕು, ಇಲ್ಲಿ ಪೀಪಾಯಿಯ ಹಾಗಿರಬೇಕು. ಅಲ್ಲಿ ಕಾಲು ಕಡ್ಡಿ, ಇಲ್ಲಿ ಕಂಬ. ನಿಲ್ಲಿಸುವಾಗ ಹಿಂಗಾಲಿನ ಕೀಲುಗಳು ಒಂದಕ್ಕೊಂದು ಹತ್ತಿರವಿರಬೇಕು. ತೀರ್ಪುಗಾರನ ಮುಂದೆ ನಡೆಸಿಕೊಂಡು ಹೋಗಿ, ತಿರುಗಿಸಿ, ಓಡಿಸಿಕೊಂಡು ಬರಬೇಕು. ಹಗ್ಗ ಬಿಗಿ ಹಿಡಿದರೆ ಕುದುರೆಯ ತಲೆ ಒಂದು ಕಡೆ ವಾಲಿ ಹೆಜ್ಜೆ ಕೆಡುತ್ತದೆ. ಕುದುರೆ ಹಿಡಿದವನು ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಬೇಕು. ಲೊರೇನ್ ಪೆಟ್ಟಿಗೆಯಿಂದ ವಾಲ್ಟ್‌ನ ಪ್ಯಾಂಟು ತೆಗೆದುಕೊಟ್ಟಳು. ಅದರೊಳಗೆ ಇಬ್ಬರು ಅಶ್ವತ್ಥರು ಆರಾಮವಾಗಿ ಸಂಸಾರ ಮಾಡಬಹುದಿತ್ತು. ಬೆಟ್ಟಮ್ಮ ಬಿಚ್ಚಿ ಹೊಲಿದಳು.

ಪ್ಯಾಂಟು ಬಿಚ್ಚಿ ಹೊಲಿಯಬಹುದು, ಬಾಯಿಯನ್ನು ಹೊಲಿಯುವುದು ಹೇಗೆ? ಜುಲೈನಲ್ಲಿ ಕೇಶವನ ಗೆಳೆಯರು ನಾಲ್ಕು ಜನ ಕುದುರೆ ನೋಡಲು ಬಂದು ವಾಹ್ ಎಂದಾಗ, ಅಶ್ವತ್ಥ ಮುಖ ಸೊಟ್ಟಗೆ ಮಾಡಿ, ಇದು ಬರೀ ತಿಂದು ನಿಲ್ಲುವ ಸರಕು ಎಂದ. ಅವರಿಗೆ ಅರ್ಥವಾಯಿತು, ನಕ್ಕರು. ಅವರೂ ತಮ್ಮ ಮಕ್ಕಳ ಮಾರ್ಕ್ಸ್ ಬಗ್ಗೆ ಹೀಗೇ ಮಾತಾಡುವವರು. ಅಮೆರಿಕದವರಿಗೆ ಮಾತ್ರ ಒಂದು ವಿಚಿತ್ರ ರೋಗವಿದೆ, ಹೇಳಿದ್ದನ್ನು ನಂಬಿಬಿಡುತ್ತಾರೆ. ಇದನ್ನು ಅವನಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಪ್ರದರ್ಶನದ ದಿನ ಬಿಸಿಲು ಚೆನ್ನಾಗಿತ್ತು. ಅಮ್ಮಣ್ಣಿಯ ಕುತ್ತಿಗೆ ಕೂದಲನ್ನು ಬೆಟ್ಟಮ್ಮ ಕೆಂಪು ಹಳದಿ ರಿಬ್ಬನ್ ಸೇರಿಸಿ ಹೆಣೆದಿದ್ದಳು. ಗೊರಸಿಗೆ ಕಪ್ಪು ಬಣ್ಣ ಬಳಿದಿತ್ತು. ಕಣದಲ್ಲಿ ಐದು ಕುದುರೆ. ಬೇಲಿಯಾಚೆ ಲೊರೇನ್, ಅವಳ ಪಕ್ಕ ದೊಡ್ಡ ಟೋಪಿಯ ಡೇಲ್, ಮೇಲಿನ ಬೆಂಚಿನಲ್ಲಿ ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡ ಬೆಟ್ಟಮ್ಮ. ತೀರ್ಪುಗಾರ ಮೊಂಟಾನಾದಿಂದ ಬಂದ ಮುದುಕ, ಕಡಿಮೆ ಮಾತಿನವನು. ಮೊದಲ ಸುತ್ತಿನಲ್ಲಿ ಅಮ್ಮಣ್ಣಿ ನಡೆದ ರೀತಿಗೆ ಬೇಲಿಗೆ ಒರಗಿದ್ದವರು ನೆಟ್ಟಗೆ ನಿಂತರು. ಓಡಿ ಬರುವಾಗ ಹಿಂಗಾಲುಗಳು ಎಷ್ಟು ಎತ್ತರಕ್ಕೆ, ಎಷ್ಟು ನೇರಕ್ಕೆ ಬಂದವೆಂದರೆ ಡೇಲ್ ಟೋಪಿಯನ್ನು ಹಿಂದಕ್ಕೆ ಸರಿಸಿಕೊಂಡ.

ಐದನ್ನೂ ಸಾಲಾಗಿ ನಿಲ್ಲಿಸಿ ತೀರ್ಪುಗಾರ ಒಂದೊಂದನ್ನೇ ನೋಡುತ್ತಾ ಬಂದ. ಅಮ್ಮಣ್ಣಿಯ ಮುಂದೆ ಉಳಿದ ಕಡೆಗಿಂತ ಹೆಚ್ಚು ಹೊತ್ತು ನಿಂತ. ಸುತ್ತಿ ಬಂದು, ಎಡ ಹಿಂಗಾಲಿನ ಕೀಲಿನ ಮೇಲೆ ಕೈಯಾಡಿಸಿ, ಇಂಥ ಕಾಲು ನೋಡಿ ಬಹಳ ವರ್ಷವಾಗಿತ್ತು ಎಂದ.

ಹೊಗಳಿಕೆ ಬಿದ್ದದ್ದು ಕಾಲಿಗೆ, ದೃಷ್ಟಿಯೂ ಅಲ್ಲಿಗೇ. ತಡ ಮಾಡುವ ಹಾಗಿರಲಿಲ್ಲ. ಅಶ್ವತ್ಥನ ಮುಖ ತಾನಾಗಿಯೇ ಸೊಟ್ಟಗಾಯಿತು.

“ನೋ ನೋ, ನಾಟ್ ಗುಡ್ ಸರ್. ದಟ್ ಲೆಗ್ ಓನ್ಲಿ ಪ್ರಾಬ್ಲಂ. ಈಟಿಂಗ್, ಸ್ಟ್ಯಾಂಡಿಂಗ್. ನೋ ಯೂಸ್.”

ತೀರ್ಪುಗಾರ ನಗಲಿಲ್ಲ. ತಲೆಯಾಡಿಸಿ, ಮತ್ತೊಮ್ಮೆ ಓಡಿಸು ಎಂದ. ಸಾಹೇಬರು ಯಾಕೆ ನಗಲಿಲ್ಲ ಎಂದು ಅಶ್ವತ್ಥನಿಗೆ ಗಾಬರಿ. ಗಾಬರಿಗೆ ಹಗ್ಗ ಬಿಗಿ ಹಿಡಿದ. ತಲೆ ವಾಲಿತು, ತಿರುವಿನಲ್ಲಿ ಅಮ್ಮಣ್ಣಿಯ ಒಂದು ಹೆಜ್ಜೆ ತಪ್ಪಿತು. ಅಷ್ಟು ಸಾಕಾಯಿತು.

ಅಮ್ಮಣ್ಣಿಗೆ ಐದನೇ ಸ್ಥಾನ. ಐದರಲ್ಲಿ ಐದನೆಯದು. ಈ ದೇಶದಲ್ಲಿ ಕಾರಣವನ್ನೂ ಮೈಕಿನಲ್ಲಿ ಹೇಳುವ ಪದ್ಧತಿಯಿದೆ. ಈ ಕುದುರೆಯನ್ನು ತಾನು ಮೊದಲನೆಯದಾಗಿ ಇಡುವವನಿದ್ದೆ, ಆದರೆ ಹಿಡಿದುಕೊಂಡಿದ್ದ ವ್ಯಕ್ತಿ ಮುಚ್ಚುಮರೆಯಿಲ್ಲದೆ ಕಾಲಿನ ದೋಷ ಹೇಳಿದ, ಆಮೇಲೆ ತನ್ನ ಕಣ್ಣಿಗೂ ಬಿತ್ತು, ಇಂಥ ಪ್ರಾಮಾಣಿಕತೆ ಅಪರೂಪ ಎಂದು ತೀರ್ಪುಗಾರ ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಟ್ಟಮ್ಮನಿಗೆ ಇಂಗ್ಲಿಷು ಪೂರ್ತಿ ತಿಳಿಯದೆ, ಗೆದ್ದರೆಂದುಕೊಂಡು ಅವಳೂ ತಟ್ಟಿದಳು.

ಲಾಯದ ಬಳಿ ಲೊರೇನ್ ಕಾಯುತ್ತಿದ್ದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ಹೋದರೆ, ಅವಳು ಹೇಳಿದ್ದೇ ಬೇರೆ. ಕಾಲಿನ ಮಾತು ಕೇಳಿ ಡೇಲ್ ಹಿಂದೆ ಸರಿದಿದ್ದಾನೆ. ಇನ್ನು ಈ ರಾಜ್ಯದಲ್ಲಿ ಯಾರೂ ಇವಳನ್ನು ಕೇಳುವುದಿಲ್ಲ. ಸಾಯುವ ತನಕ ತನ್ನ ಹುಲ್ಲು ತಿಂದುಕೊಂಡಿರಲಿ, ನೀನೇ ನೋಡಿಕೋ ಎಂದು ನಿಟ್ಟುಸಿರು ಬಿಟ್ಟು ಕಾಫಿ ತರಲು ಹೋದಳು.

ಗೆದ್ದಿದ್ದರೆ ಏನು ಸಿಗಬೇಕಿತ್ತೋ ಅದೇ ಸೋತು ಸಿಕ್ಕಿತ್ತು. ಮನುಷ್ಯನಾದವನು ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಕುದುರೆಗೆ ನೀರು ಕುಡಿಸಬೇಕು. ಅಶ್ವತ್ಥ ಬಕೆಟ್ ಎತ್ತಿಕೊಂಡದ್ದೂ ಹೌದು. ಆಗ ಡೇಲ್ ಆ ಕಡೆಯಿಂದ ಹೋಗುತ್ತಾ, ಅಮ್ಮಣ್ಣಿಯ ಕುತ್ತಿಗೆ ತಟ್ಟಿ, ಪಾಪ, ಕುಂಟಿ, ನೋಡೋಕೆ ಮಾತ್ರ ಚೆಂದ ಎಂದು ಜೊತೆಯವನಿಗೆ ಹೇಳಿದ.

ಬಕೆಟ್ ಕೆಳಗೆ ಬಿತ್ತು.

“ಹೂ ಸೇ ಲೇಮ್? ಯೂ ಕಮ್. ಯೂ ಸೀ,” ಎಂದ ಅಶ್ವತ್ಥ. ಬೆಟ್ಟಮ್ಮ ಓಡಿಬಂದು ಅಂಗಿಯ ತುದಿ ಜಗ್ಗಿದಳು. “ಸುಮ್ಕಿರಿ ಅಂದ್ರೆ. ಹೋಯ್ತಾವ್ನಲ್ಲ, ಹೋಗ್ಲಿ ಬುಡಿ.” ಅವನು ಕೊಸರಿಕೊಂಡು ಅಮ್ಮಣ್ಣಿಯನ್ನು ಹಿಡಿದು ಕಾರು ನಿಲ್ಲಿಸುವ ಜಲ್ಲಿಯ ಬಯಲಿಗೆ ಬಂದ. ಡೇಲ್‌ನ ಕೈ ಹಿಡಿದೆಳೆದು ಎಡ ಹಿಂಗಾಲಿನ ಕೀಲಿನ ಮೇಲಿಟ್ಟ. ಒತ್ತು, ಇನ್ನೂ ಒತ್ತು ಎಂದ. ಆಮೇಲೆ ಓಡಿಸಿದ. ಕೋಪದಲ್ಲಿ ಹಗ್ಗದ ಮೇಲೆ ಗಮನವೇ ಇರಲಿಲ್ಲ, ಅದು ಸಡಿಲವಾಗಿ ತೂಗುತ್ತಿತ್ತು. ಅಮ್ಮಣ್ಣಿ ತಲೆಯೆತ್ತಿ, ಒಂದು ಟನ್ ಮೈಯನ್ನು ಹತ್ತಿಯ ಮೂಟೆಯ ಹಾಗೆ ಹೊತ್ತು, ಆ ಜಲ್ಲಿಯ ಮೇಲೆ ಆರು ಸಲ ಹೋಗಿ ಬಂದಳು. ಕಾರುಗಳಿಂದ ಜನ ಇಳಿದು ನಿಂತರು. ತೀರ್ಪುಗಾರ ಮುದುಕನೂ ಸ್ಯಾಂಡ್‌ವಿಚ್ ಹಿಡಿದು ದೂರದಲ್ಲಿ ನಿಂತಿದ್ದ.

“ವೇರ್ ಲೇಮ್? ಟೆಲ್ ಮೀ, ವೇರ್?”

ಡೇಲ್ ಟೋಪಿ ತೆಗೆದ. ತಪ್ಪಾಯಿತು ಎಂದ. ಒಂದು ದೋಷವೂ ಇಲ್ಲ, ಇಂಥದ್ದು ಇನ್ನೊಂದಿಲ್ಲ ಎಂದ. ಅಶ್ವತ್ಥ ಏದುಸಿರು ಬಿಡುತ್ತಾ ಸೊಂಟಕ್ಕೆ ಕೈಯಿಟ್ಟು ನಿಂತ. ಆ ಕ್ಷಣದಷ್ಟು ದೊಡ್ಡ ಗೆಲುವು ಅವನ ಬಾಳಿನಲ್ಲಿ ಇನ್ನೊಂದಿರಲಿಲ್ಲ. ಅದು ಎಷ್ಟು ಹೊತ್ತು ಉಳಿಯಿತೆಂದರೆ, ಡೇಲ್ ತಿರುಗಿ, ಕಾಫಿ ಹಿಡಿದು ಬರುತ್ತಿದ್ದ ಲೊರೇನ್ ಕಡೆಗೆ ಹತ್ತು ಹೆಜ್ಜೆ ಹಾಕಿ, ಅವಳಿಗೆ ಕೈ ಚಾಚುವವರೆಗೆ.

ಲೊರೇನ್ ಆ ಕೈಯನ್ನು ನೋಡಿದಳು, ಅಶ್ವತ್ಥನನ್ನು ನೋಡಿದಳು. ಏಪ್ರಿಲ್‌ನಲ್ಲಿ ಆಡಿದ್ದ ಮಾತು ಮಾತೇ. ಕೈ ಕುಲುಕಿದಳು.

ಡೇಲ್‌ನ ಆಳುಗಳು ಎಷ್ಟು ಎಳೆದರೂ ಅಮ್ಮಣ್ಣಿ ಅವರ ಟ್ರೇಲರ್ ಹತ್ತಲಿಲ್ಲ. ಅರ್ಧ ಗಂಟೆ ನೋಡಿದ ಮೇಲೆ ಅಶ್ವತ್ಥನನ್ನೇ ಕರೆದರು. ಅವನು ಹೋಗಿ ಹಗ್ಗ ಹಿಡಿದ, ಹೆಸರು ಹೇಳಿದ. ಅವಳು ಅವನ ಹಿಂದೆಯೇ ಒಳಗೆ ಹೋದಳು. ಅವನೊಬ್ಬನೇ ಇಳಿದು ಬಂದ.

ಗಂಡ ಹೆಂಡತಿ ಕಾರಿನಲ್ಲಿ ಮನೆಗೆ ಹೊರಟು ಆಬರ್ನ್ ಊರು ದಾಟಿದರು. ಆಮೇಲೆ ಅವನೇ ಬಾಯಿ ಬಿಟ್ಟ.

“ಕುಂಟಿ ಅಂದ್ಬುಟ್ಟ ಕಣೇ ಅವ್ನು. ಕೇಳಿಸ್ಕೊಂಡು ಸುಮ್ನಿರ್ಬೇಕಿತ್ತಾ?”

ಬೆಟ್ಟಮ್ಮ ಡಬ್ಬಿಯ ಮುಚ್ಚಳ ತೆಗೆದಳು.

“ಅವನ್ಗೆ ಹೇಳ್ದೋರು ಯಾರು?”

“ಅದು ಬ್ಯಾರೆ,” ಎಂದ ಅಶ್ವತ್ಥ.

ಅವಳು ಚಿತ್ರಾನ್ನವನ್ನು ಚಮಚದಲ್ಲಿ ತೆಗೆದು ಅವನ ಬಾಯಿಯ ಹತ್ತಿರ ಹಿಡಿದಳು. ಅವನು ರಸ್ತೆಯಿಂದ ಕಣ್ಣು ತೆಗೆಯದೆ ತಿಂದ.