ಮೆಲುದನಿಯ ಮಕ್ಕಳ ಖೋ ಖೋ ಮೇಷ್ಟ್ರು

ಶಿವಪುತ್ರಪ್ಪ ಸರ್ "ಖೋ" ಎಂದರೆ, ಮೈದಾನದಾಚೆ ಕಾರಿನಲ್ಲಿ ಎಸಿ ಹಾಕಿಕೊಂಡು ಕುಳಿತ ನಮಗೂ ಯಾರೋ ಬೆನ್ನಿಗೆ ಗುದ್ದಿದಂತಾಗುತ್ತಿತ್ತು. ಆಳು ನೋಡಿದರೆ ನನ್ನ ಭುಜದವರೆಗೂ ಬರುತ್ತಿರಲಿಲ್ಲ. ಬಾಗಲಕೋಟೆ ಕಡೆಯವರು. ವಾರವಿಡೀ ಲಿಫ್ಟ್ ರಿಪೇರಿ ಕೆಲಸ, ಶುಕ್ರವಾರ ಬೆಳಿಗ್ಗೆ ಕೊಲ್ಲಿ ನಾಡಿನ ಈ ಖೈತಾನಿನಲ್ಲಿರುವ ನಮ್ಮ ಮಕ್ಕಳ ಶಾಲೆಯಲ್ಲಿ ಹುಡುಗಿಯರಿಗೆ ಖೋ ಖೋ ಕಲಿಸುವುದು. ಅದಕ್ಕೆ ಸಂಬಳವೇನೂ ಇರಲಿಲ್ಲ. ಒಂದು ಕಾಲದಲ್ಲಿ ತಾವು ಜಿಲ್ಲಾ ತಂಡದಲ್ಲಿದ್ದ ಸುದ್ದಿಯನ್ನು ಕೇಳದವರಿಗೂ ಹೇಳುತ್ತಿದ್ದರು.

ನಿಜ ಹೇಳಬೇಕೆಂದರೆ, ನನಗೆ ಅವರ ಮೇಲೆ ಪ್ರೀತಿಗಿಂತ ಸಿಟ್ಟು ಬಂದದ್ದೇ ಹೆಚ್ಚು. ರಜೆಯ ದಿನ ಆರು ಗಂಟೆಗೆ ಹಾಜರಿರಬೇಕು. ಐದು ನಿಮಿಷ ತಡವಾದರೆ ಬೈಗುಳ ನನ್ನ ಮಗಳು ಶರಲ್‌ಗಲ್ಲ, ನನಗೆ. "ಕೂಸು ಗಾಡಿ ಹೊಡಿತೈತೇನ್ರೀ? ನೀವು ಲಗೂನ ಏಳ್ರಿ ಸರ್." ಆದರೆ ಮೂರು ಹೊತ್ತೂ ಟ್ಯಾಬ್ ಹಿಡಿದು ಮೂಲೆ ಸೇರುತ್ತಿದ್ದ ಹುಡುಗಿ ಮಂಡಿ ತರಚಿಕೊಂಡು ನಗುತ್ತ ಕಾರು ಹತ್ತುತ್ತಿದ್ದಳು. ಹಾಗಾಗಿ ಸಹಿಸಿಕೊಂಡಿದ್ದೆ.

ಸರ್‌ಗೆ ತಲೆನೋವಾದದ್ದು ಮಕ್ಕಳ ಕಾಲಲ್ಲ, ಗಂಟಲು. ಅಟ್ಟಿಸಿಕೊಂಡು ಹೋಗುವವಳು ಕುಳಿತವಳ ಬೆನ್ನು ಮುಟ್ಟಿ, ಅಂಪೈರಿಗೆ ಕೇಳುವಂತೆ "ಖೋ" ಅನ್ನಬೇಕು. ಇಲ್ಲದಿದ್ದರೆ ಫೌಲ್. ನಮ್ಮ ಮಕ್ಕಳು ಚಿಗರೆಯ ಹಾಗೆ ಓಡುತ್ತಿದ್ದರು, ಖೋ ಮಾತ್ರ ಲೈಬ್ರರಿಯಲ್ಲಿ ಪುಸ್ತಕ ಕೇಳಿದಂತೆ ಹೇಳುತ್ತಿದ್ದರು. "ಇದೇನು ಗುಟ್ಟೇನವ್ವಾ, ಕಿವ್ಯಾಗ ಹೇಳಾಕ?" ಎಂದು ಅವರು ತಲೆ ಚಚ್ಚಿಕೊಳ್ಳುತ್ತಿದ್ದರು.

ತಪ್ಪು ಮಕ್ಕಳದೇ? ಎರಡು ಕೋಣೆಯ ಫ್ಲ್ಯಾಟ್, ಕೆಳಗೆ ರಾತ್ರಿ ಪಾಳಿ ಮುಗಿಸಿ ಮಲಗಿದವರು, ಸ್ವಲ್ಪ ಸದ್ದಾದರೆ ಮೇಲೆ ಬರುವ ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ. ನಾವು ಮಕ್ಕಳಿಗೆ ಮೊದಲು ಕಲಿಸಿದ್ದೇ "ಶ್".

ಈ ವರ್ಷ ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಅಂತರಶಾಲಾ ಪಂದ್ಯ ಗೆಲ್ಲದಿದ್ದರೆ ಖೋ ಖೋ ನಿಲ್ಲಿಸಿ ಆ ಜಾಗದಲ್ಲಿ ಬ್ಯಾಡ್ಮಿಂಟನ್ ಕೋರ್ಟ್ ಮಾಡುತ್ತೇವೆ. ಸರ್ ಮಕ್ಕಳಿಗೆ ಮನೆಪಾಠ ಕೊಟ್ಟರು, ದಿನಕ್ಕೆ ಹತ್ತು ಸಲ ಬಾಲ್ಕನಿಯಲ್ಲಿ ನಿಂತು ಖೋ ಎಂದು ಕೂಗಬೇಕು. ಎರಡನೇ ದಿನವೇ ಹಾರಿಸ್ ಬಾಗಿಲು ತಟ್ಟಿದ. ನಾನು ಸರ್‌ಗೆ ಫೋನ್ ಮಾಡಿದೆ.

"ಮಾರಾಯ್ರೆ, ಮನೆಯಲ್ಲಿ ಇದೆಲ್ಲ ಬೇಡ. ನಾವು ಇಕಾಮಾದ ಮೇಲೆ, ಇವರು ಕೊಟ್ಟ ವಾಸದ ಪರವಾನಗಿಯ ಮೇಲೆ ಇರುವವರು. ಸುಮ್ಮನೆ ಯಾರ ಕಣ್ಣಿಗೂ ಬೀಳುವುದು ಬೇಡ."

"ಕೂಸಿನ ದನಿಗೂ ಇಕಾಮಾ ಬೇಕೇನ್ರೀ ಸರ್?"

ಫೋನ್ ಇಟ್ಟುಬಿಟ್ಟೆ. ಶರಲ್‌ಗೆ ಕೂಗಬೇಡ ಎಂದೆ. ಅವಳು ಕೂಗಲಿಲ್ಲ.

ಫೈನಲ್‌ನ ಕೊನೆಯ ನಿಮಿಷದಲ್ಲಿ ಎರಡೂ ತಂಡ ಸಮ. ಶರಲ್ ಗೆಳತಿಯ ಬೆನ್ನು ಮುಟ್ಟಿದಳು, ಆ ಹುಡುಗಿ ಎದ್ದು ಎರಡೇ ಹೆಜ್ಜೆಗೆ ಎದುರಾಳಿಯನ್ನು ಹಿಡಿದಳು. ನಾವು ಚಪ್ಪಾಳೆ ಹೊಡೆಯುವಷ್ಟರಲ್ಲಿ ಸೀಟಿ ಬಿತ್ತು. ಖೋ ಕೇಳಿಸಲಿಲ್ಲ, ಔಟ್ ಇಲ್ಲ ಎಂದರು ಅಂಪೈರ್. ಹೆಚ್ಚುವರಿ ಆಟದಲ್ಲಿ ಸೋತೆವು. "ಐ ಸೆಡ್ ಇಟ್, ಪಪ್ಪಾ. ಐ ರಿಯಲಿ ಸೆಡ್ ಇಟ್," ಎಂದು ಮಗಳು ಬಿಕ್ಕುತ್ತಿದ್ದಳು.

"ಅಂಪೈರಿಗೆ ಕಿವಿ ಇಲ್ವಾ?" ಎಂದು ಸರ್ ಮೇಲೆ ಹರಿಹಾಯ್ದೆ. ಜಗಳಕ್ಕೆ ನಿಲ್ಲುತ್ತಾರೆ ಅಂದುಕೊಂಡಿದ್ದೆ, ಅವರು ನಿಲ್ಲಲಿಲ್ಲ. "ಅವರ ಕಿವಿ ನೆಟ್ಟಗೈತ್ರಿ," ಎಂದಷ್ಟೇ ಹೇಳಿ, ಮಗಳ ಪಕ್ಕ ಮಣ್ಣಿನಲ್ಲಿ ಕುಳಿತರು.

ಮುಂದಿನ ವಾರ ಪ್ರಿನ್ಸಿಪಾಲರು ಪೋಷಕರ ಸಭೆ ಕರೆದರು. ಬಾಗಿಲಲ್ಲಿ ಸರ್ ನಮ್ಮನ್ನೆಲ್ಲ ತಡೆದು ನಿಲ್ಲಿಸಿ, "ನಾ ಹೇಳಿದ್ರ ನಡ್ಯಾಂಗಿಲ್ರಿ, ನಾ ಹೊರಗಿನಾಂವ. ನೀವು ಒಬ್ಬರರ ಬಾಯಿ ಬಿಡ್ರಿ. ಇನ್ನೊಂದು ವರ್ಷ ಕೇಳ್ರಿ, ಸಾಕು," ಎಂದು ಕೈ ಮುಗಿದರು. ಅವರು ಕೈ ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಳಗೆ ಪ್ರಿನ್ಸಿಪಾಲರು ಬ್ಯಾಡ್ಮಿಂಟನ್ ಕೋರ್ಟಿನ ಚಿತ್ರ ತೋರಿಸಿ, "ಎನಿ ಆಬ್ಜೆಕ್ಷನ್?" ಎಂದರು. ಹನ್ನೆರಡು ಜನ ಪೋಷಕರಿದ್ದೆವು. ಒಬ್ಬರು ಫೋನ್ ನೋಡಿದರು, ಇನ್ನೊಬ್ಬರು ನನ್ನನ್ನು ನೋಡಿದರು. ಮುಂದಿನ ವರ್ಷ ಮಗಳ ಅಡ್ಮಿಷನ್, ಶಾಲೆಯವರ ಅಸಮಾಧಾನ, ಇನ್ನೂ ಏನೇನೋ ನನ್ನ ತಲೆಯಲ್ಲಿ ಸುಳಿದವು. ಖಲಾಸ್, ಸಭೆ ಹತ್ತೇ ನಿಮಿಷದಲ್ಲಿ ಮುಗಿಯಿತು.

ಸರ್ ಗೇಟಿನ ಹತ್ತಿರ ನಿಂತಿದ್ದರು. ನಮ್ಮ ಮುಖ ನೋಡಿದರು. "ಬರ್ತೀನ್ರಿ ಸರ್," ಎಂದು ಬಸ್ ಸ್ಟಾಪಿನ ಕಡೆ ನಡೆದರು. ಆಮೇಲೆ ಕಂಪನಿ ಅವರನ್ನು ದೂರದ ಜಹ್ರಾ ಕಡೆಗೆ ಹಾಕಿತೆಂದು ಯಾರೋ ಹೇಳಿದರು. ನಾನು ಫೋನ್ ಮಾಡಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡಲಿ?

ಸಭೆ ಮುಗಿದ ದಿನ ಕಾರಿನಲ್ಲಿ ಶರಲ್ ಕೇಳಿದಳು, "ಡಿಡ್ ಯು ಟೆಲ್ ದೆಮ್, ಪಪ್ಪಾ?"

"ಹೇಳಿದೆ ಮಗಾ," ಎಂದೆ. "ಅವರಿಗೆ ಕೇಳಿಸಲಿಲ್ಲ."